ಒರೆಸಿದರೂ ಹೋಗದ ಚುಕ್ಕೆ

ನಮ್ಮ ಬಣ್ಣದ ಕೆಲಸದಲ್ಲಿ ಒಂದು ಪದ್ಧತಿ ಇದೆ. ಸಂಜೆ ಬ್ರಷ್ಷು ತೊಳೆದ ಮೇಲೆ ಯಾರೂ ತಮ್ಮ ಮುಖ ತಾವೇ ಒರೆಸಿಕೊಳ್ಳುವುದಿಲ್ಲ, ಒಬ್ಬರ ಮುಖವನ್ನು ಇನ್ನೊಬ್ಬರು ಒರೆಸಬೇಕು. ಬಣ್ಣ ಹೊಡೆಯುವ ಮನೆಯಲ್ಲಿ ಕನ್ನಡಿಗಳನ್ನೆಲ್ಲ ಮೊದಲೇ ಇಳಿಸಿ, ಹಳೇ ಬೆಡ್‌ಶೀಟು ಸುತ್ತಿ, ಮಂಚದ ಕೆಳಗೆ ತಳ್ಳಿರುತ್ತಾರೆ. ಹಾಗಾಗಿ ಬಟ್ಟೆಯ ತುಂಡೊಂದನ್ನು ಥಿನ್ನರಿಗೆ ಅದ್ದಿ, ಎದುರಿಗಿದ್ದವನ ಗದ್ದ ಹಿಡಿದು, ಬೆಳಕಿಗೆ ತಿರುಗಿಸಿ, ಚುಕ್ಕೆ ಚುಕ್ಕೆಯಾಗಿ ತೆಗೆಯುವುದು. ಹೊಸಬರಿಗೆ ನಾಚಿಕೆಯಾಗುತ್ತದೆ. ಆಮೇಲೆ ರೂಢಿಯಾಗುತ್ತದೆ. ಬೆಳಗ್ಗೆ ಎಷ್ಟೇ ಕಿತ್ತಾಡಿದ್ದರೂ ಸಂಜೆ ಅವನ ಗದ್ದ ಹಿಡಿಯಲೇಬೇಕು. ಅದಕ್ಕೇ ನಮ್ಮಲ್ಲಿ ಮಾತು ಬಿಡುವುದು ಹೆಚ್ಚು ದಿನ ನಡೆಯುವುದಿಲ್ಲ.

ನನ್ನ ಪಾಲಿಗೆ ಬಂದಿದ್ದು ಅಜ್ಜನ ಮುಖ. ಅಜ್ಜ ಅಂದರೆ ಅಮ್ಮನ ಅಪ್ಪ, ನಮ್ಮ ಮೇಸ್ತ್ರಿ. ಬಣ್ಣ ಬೆರೆಸುವುದರಲ್ಲಿ ಅವನನ್ನು ಮೀರಿಸಿದವರನ್ನು ನಾನು ಕಂಡಿಲ್ಲ, ಕಂಡಿದ್ದರೂ ಅಜ್ಜ ಒಪ್ಪುತ್ತಿರಲಿಲ್ಲ. ಗೋಡೆಯಿಂದ ಉದುರಿದ ಒಂದು ಚಕ್ಕೆ ಕೊಟ್ಟರೆ ಸಾಕು, ಅದೇ ಬಣ್ಣ ಡಬ್ಬಿ ತುಂಬ ಮಾಡಿಕೊಡುತ್ತಾನೆ. ಅಂಗಡಿಯಲ್ಲಿ ಬಣ್ಣ ಬೆರೆಸುವ ಮಿಷನ್ನಿಗೆ ಅವನಿಟ್ಟ ಹೆಸರು ‘ಆ ಪೆದ್ದ’. ತಾನು ಬೆರೆಸಿದ್ದನ್ನು ಎಡಗೈ ಹೆಬ್ಬೆರಳಿನ ಉಗುರಿಗೆ ಸವರಿ, ಉಫ್ ಅಂತ ಊದಿ ಒಣಗಿಸಿ, ಕಣ್ಣು ಕಿರಿದು ಮಾಡಿ ನೋಡುವುದು ಅವನ ಕ್ರಮ. ಆ ಉಗುರು ನೋಡಿದರೆ ಆ ದಿನ ನಾವು ಯಾರ ಮನೆಗೆ ಯಾವ ಬಣ್ಣ ಹೊಡೆದೆವು ಅಂತ ಹೇಳಿಬಿಡಬಹುದು.

ಆಗ ನಾವು ಒಂದು ಶಾಲೆಯ ಹೊರಗೋಡೆಗೆ ಬಣ್ಣ ಹೊಡೆಯುತ್ತಿದ್ದೆವು. ಎಲ್ಲಾ ಬಿಳಿ. ಬಿಳಿ ಬಿಟ್ಟರೆ ಬಿಸಿಲು. ಸಂಜೆ ಅಜ್ಜನ ಗದ್ದ ಹಿಡಿದು ಒರೆಸುತ್ತಾ ಬಂದೆ. ಹಣೆಯದು ಹೋಯಿತು, ಹುಬ್ಬಿನದು ಹೋಯಿತು. ಮೂಗಿನ ಎಡಪಕ್ಕದಲ್ಲಿದ್ದ ಒಂದು ಚುಕ್ಕೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

“ಅಜ್ಜ, ಇದು ನಿನ್ನೇನೂ ಇತ್ತು.”

“ನಿನ್ನೆ ಸರಿಯಾಗಿ ಒರೆಸಿಲ್ಲ ನೀನು. ಕೆಲಸಗಳ್ಳ.”

“ಮೊನ್ನೆನೂ ಇತ್ತು.”

“ಹಾಗಿದ್ರೆ ಮೊನ್ನೆಯಿಂದ ಕೆಲಸಗಳ್ಳ.”

“ಇದು ಯಾವ ಬಣ್ಣ ಹೇಳು ನೋಡೋಣ. ಇಲ್ಲಿಗೆ ಬಂದಾಗಿಂದ ಬಿಳಿ ಬಿಟ್ಟು ಬೇರೆ ಡಬ್ಬಿ ಮುಚ್ಚಳ ತೆಗೆದಿಲ್ಲ ನಾವು. ಇದು ಕೆಂಪಗಿದೆ.”

“ಹಿಂದಿನ ಮನೆ ಗೇಟಿಂದು.”

“ಗೇಟು ಕಪ್ಪು.”

“ಕಪ್ಪಿನ ಕೆಳಗೆ ಹೊಡೆದ ಪ್ರೈಮರ್ ಯಾವ ಬಣ್ಣ? ಕೆಂಪು. ಕಲ್ತಿದ್ದೆಲ್ಲ ಮರೆತ್ಯಾ?”

ಅಜ್ಜನ ಜೊತೆ ವಾದಕ್ಕಿಳಿದರೆ ಹೀಗೆ. ಎಲ್ಲಾದರೂ ಒಂದು ಪ್ರೈಮರ್ ಹುಡುಕಿ ತೆಗೆಯುತ್ತಾನೆ. ನಾನು ಚುಕ್ಕೆಗೆ ಮುಖ ತಾಗಿಸುವಷ್ಟು ಹತ್ತಿರ ಹೋಗಿ ನೋಡಿದೆ. ಅದು ಬಣ್ಣ ಕೂತ ಹಾಗೆ ಕೂತಿರಲಿಲ್ಲ. ಸ್ವಲ್ಪ ಉಬ್ಬಿತ್ತು. ಅಂಚು ಮುತ್ತಿನ ಹಾಗೆ ಹೊಳೆಯುತ್ತಿತ್ತು, ನಡುವೆ ಗಾಯ ಅರೆಬರೆ ಒಣಗಿದಂತಿತ್ತು. ಇನ್ನೊಂದು ಸಲ ಮೆಲ್ಲಗೆ ಒರೆಸಿದೆ. ಬಟ್ಟೆಗೆ ಹನಿ ರಕ್ತ ಅಂಟಿತು.

“ಪ್ರೈಮರಿಂದ ರಕ್ತ ಬರುತ್ತಾ?”

ಅಜ್ಜ ಬಟ್ಟೆ ನೋಡಿದ, ನನ್ನನ್ನು ನೋಡಿದ, ಗದ್ದ ಬಿಡಿಸಿಕೊಂಡ. “ಈ ವಯಸ್ಸಲ್ಲಿ ಇದೆಲ್ಲ ಇದ್ದದ್ದೇ ಕಣೋ.”

ಇದ್ದದ್ದೇ! ಈ ಒಂದು ಮಾತಿನ ಮೇಲೆ ನನಗಿರುವಷ್ಟು ಸಿಟ್ಟು ಯಾವ ಮನುಷ್ಯನ ಮೇಲೂ ಇಲ್ಲ. ದಿನವಿಡೀ ನೆರಳಿಲ್ಲದ ಗೋಡೆಗೆ ಅಂಟಿಕೊಂಡು ನಿಲ್ಲುವುದು ಇದ್ದದ್ದೇ. ಕುಡಿಯಲು ನೀರು ಕೇಳಿದರೆ ತೋಟದ ನಲ್ಲಿ ತೋರಿಸುವುದು ಇದ್ದದ್ದೇ. ಮೊಣಕಾಲು ಕಿರುಗುಟ್ಟಿದರೆ ಇದ್ದದ್ದೇ, ಕಣ್ಣು ಮಂಜಾದರೆ ಇದ್ದದ್ದೇ. ಈ ಮಾತು ಕಂಡುಹಿಡಿದವನು ಸಿಕ್ಕಿದರೆ ಅವನನ್ನು ಹಿಡಿದು ನಮ್ಮ ಶಾಲೆಯ ಪಶ್ಚಿಮದ ಗೋಡೆಗೆ ಮಧ್ಯಾಹ್ನ ನಿಲ್ಲಿಸುತ್ತೇನೆ.

ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಮಿಷನ್ ನಿಲ್ಲಿಸದೆ, ಹಲ್ಲಲ್ಲಿ ಕಚ್ಚಿದ್ದ ದಾರ ತೆಗೆಯದೆ ಅಪ್ಪಣೆ ಕೊಟ್ಟಳು. “ನಾಳೆ ಆಸ್ಪತ್ರೆಗೆ ಚರ್ಮದ ಡಾಕ್ಟರ್ ಬರೋ ದಿನ. ಬೆಳಗ್ಗೆ ಎದ್ದು ಇಬ್ಬರೂ ಹೋಗಿ. ಅಪ್ಪಾ, ನೆಪ ಹೇಳ್ಬೇಡ.”

“ಬಣ್ಣ ಕಣಮ್ಮ ಅದು. ಹೋಗತ್ತೆ.”

“ಹೋದ್ರೆ ಹೋಗೋದು ಬೇಡ. ಹೋಗ್ದಿದ್ರೆ ಹೋಗು.”

ಅಜ್ಜನಿಗೆ ಮೂಗಿನ ಚಿಂತೆಯಿರಲಿಲ್ಲ, ಏಣಿಯ ಚಿಂತೆಯಿತ್ತು. ಹಿಂದೊಮ್ಮೆ ಮೊಣಕಾಲು ನೋವೆಂದು ಆಸ್ಪತ್ರೆಗೆ ಹೋಗಿ ಬಂದಾಗ ಅಮ್ಮ ಅವನ ದೊಡ್ಡ ಏಣಿಯನ್ನು ನನ್ನ ಹೆಸರಿಗೆ ಮಾಡಿಬಿಟ್ಟಿದ್ದಳು. ಅಂದಿನಿಂದ ಅವನಿಗೆ ಉಳಿದಿದ್ದು ಸಣ್ಣ ಏಣಿ. ಇನ್ನೊಂದು ಸಲ ಆಸ್ಪತ್ರೆಗೆ ಹೋದರೆ ಅದೂ ಹೋಗುತ್ತದೆ, ಆಮೇಲೆ ನೆಲದಲ್ಲಿ ಕೂತು ಡಬ್ಬಿ ಕಲಕುವುದೊಂದೇ ಗತಿ ಅಂತ ಅವನ ಲೆಕ್ಕಾಚಾರ.

ಬೆಳಗ್ಗೆ ನಾನು ಎದ್ದು ಬರುವಷ್ಟರಲ್ಲಿ ಅಜ್ಜ ಬಾಗಿಲಲ್ಲಿ ಮದುಮಗನ ಹಾಗೆ ನಿಂತಿದ್ದ. ಮೂಗಿನ ಮೇಲೆ ಚುಕ್ಕೆ ಇರಲಿಲ್ಲ.

“ನೋಡಮ್ಮ, ಬಿಸಿನೀರಲ್ಲಿ ಉಜ್ಜಿದೆ. ಹೋಯ್ತು. ನಿನ್ನ ಮಗ ಸುಮ್ನೆ ಊರೆಲ್ಲ ಡಂಗುರ ಹೊಡೆದ.”

ಅಮ್ಮ ಹಣೆಯ ಮೇಲಿದ್ದ ಕನ್ನಡಕವನ್ನು ಕಣ್ಣಿಗಿಳಿಸಿ ಮಿಷನ್ ಹತ್ತಿರದಿಂದಲೇ ನೋಡಿದಳು. “ಹೌದಲ್ಲ! ಸದ್ಯ. ಹೋಗಿ, ಕೆಲಸಕ್ಕೆ ಹೋಗಿ.” ನನ್ನ ಕಡೆ ತಿರುಗಿ, “ಲೋ ಪಟಾಕಿ, ಇನ್ನೊಂದ್ಸಲ ನನ್ನ ಎದೆ ನಡುಗಿಸ್ಬೇಡ,” ಅಂದಳು. ಪಟಾಕಿ ಅನ್ನುವುದು ಮನೆಯಲ್ಲಿ ನನಗಿಟ್ಟ ಹೆಸರು. ಯಾಕೆ ಇಟ್ಟರೋ ನನಗೆ ಗೊತ್ತಿಲ್ಲ.

ನನಗೆ ನಂಬಿಕೆ ಬರಲಿಲ್ಲ. ಮೆಟ್ಟಿಲಿಳಿದು ರಸ್ತೆಗೆ ಬಂದ ಮೇಲೆ ಅಂದೆ: “ಅಜ್ಜ, ಎಡಗೈ ತೋರಿಸು.”

ಅಜ್ಜ ಕೈಯನ್ನು ಜೇಬಿಗೆ ಇಳಿಸಿದ. ನಾನು ಹಿಡಿದೆಳೆದೆ. ಹೆಬ್ಬೆರಳಿನ ಉಗುರಿಗೆ ಬಣ್ಣ ಹಚ್ಚಿತ್ತು. ಅವನ ಮೂಗು ಯಾವ ಬಣ್ಣವೋ ಉಗುರೂ ಅದೇ ಬಣ್ಣ!

ಹತ್ತಿರ ಹೋಗಿ ಮೂಗು ನೋಡಿದೆ. ಸಿಟ್ಟಿನಲ್ಲಿ ಬೈಯಬೇಕೆಂದು ಬಾಯಿ ತೆರೆದವನು ಹಾಗೇ ನಿಂತುಬಿಟ್ಟೆ. ಎಂಥಾ ಕೆಲಸ ಅದು! ಹಳದಿ ಕಾವಿ, ಕೆಂಪು ಕಾವಿ, ಚೂರು ಬಿಳಿ, ಸೂಜಿಮೊನೆಯಷ್ಟು ಕಪ್ಪು. ಮೂಗಿನ ದಿಂಡಿನ ಮೇಲೆ ಬೆಳಕು ಬೀಳುವಲ್ಲಿ ಒಂದು ಛಾಯೆ, ಕೆನ್ನೆಗೆ ಇಳಿಯುವಲ್ಲಿ ಇನ್ನೊಂದು. ಚರ್ಮದ ಸಣ್ಣ ಸಣ್ಣ ತೂತುಗಳನ್ನೂ ಯಾವುದೋ ಮೊನೆಯಲ್ಲಿ ಚುಚ್ಚಿ ಮಾಡಿದ್ದ. ಹೆಮ್ಮೆಪಡಬೇಕೋ ಕತ್ತು ಹಿಸುಕಬೇಕೋ ತಿಳಿಯಲಿಲ್ಲ.

“ಹೇಗಿದೆ?” ಅಂದ ಅಜ್ಜ, ನಾಚಿಕೆಯಿಲ್ಲದೆ.

ನಾನು ಚೀಲದಿಂದ ಥಿನ್ನರ್ ಬಟ್ಟೆ ತೆಗೆದೆ. “ನಡಿ ಒಳಗೆ. ಅಮ್ಮನ ಮುಂದೆ ಒರೆಸ್ತೀನಿ.”

“ಒರೆಸು. ಅವಳು ಕೂಗಾಡ್ತಾಳೆ, ನಾನೂ ಕೂಗಾಡ್ತೀನಿ. ಆದ್ರೆ ಆಸ್ಪತ್ರೆಗೆ ಬರಲ್ಲ. ಎತ್ಕೊಂಡು ಹೋಗ್ತೀಯಾ?”

ಅದೂ ನಿಜ. ಜಗಳ ಗೆಲ್ಲಬಹುದಿತ್ತು, ಅಜ್ಜನನ್ನು ಎತ್ತಿಕೊಂಡು ಹೋಗಲು ಆಗುತ್ತಿರಲಿಲ್ಲ. ನನ್ನ ಮುಖ ನೋಡಿ ಅವನಿಗೆ ಏನನ್ನಿಸಿತೋ, ತಾನೇ ಒಂದು ದಾರಿ ತೆಗೆದ. “ಒಂದು ಕೆಲಸ ಮಾಡೋಣ. ನಿನ್ನ ಡಾಕ್ಟರ್ ಹತ್ರ ಹೋಗೋಣ. ಅವರು ಇದನ್ನ ಕಂಡುಹಿಡಿದ್ರೆ ಹೇಳಿದ್ದಕ್ಕೆಲ್ಲ ತಲೆ ಆಡಿಸ್ತೀನಿ. ಕಂಡುಹಿಡೀಲಿಲ್ಲ ಅಂದ್ರೆ ನೀನು ಇನ್ಮೇಲೆ ನನ್ನ ಮೂಗಿನ ಸುದ್ದಿಗೆ ಬರಬಾರದು. ಆದ್ರೆ ನೀನು ಪಿಟಕ್ ಅನ್ನೋ ಹಾಗಿಲ್ಲ. ಬಾಯಿ ಬಿಟ್ಟೆಯೋ, ಎದ್ದು ಬಂದುಬಿಡ್ತೀನಿ.”

ಒಪ್ಪಿಕೊಂಡೆ. ನನ್ನ ಬಾಯಿಯನ್ನು ನಾನೇ ಅಡವಿಟ್ಟೆ.

ಆಸ್ಪತ್ರೆಯ ಉದ್ದ ಹಜಾರದಲ್ಲಿ ಬೆಂಚುಗಳು ತುಂಬಿದ್ದವು. ನಾನು ಇಂಥ ನೋಟ ಕಂಡಿರಲಿಲ್ಲ. ಕೂತವರೆಲ್ಲ ಅಜ್ಜನ ಸರೀಕರು. ಒಬ್ಬರ ಮೂಗಿಗೆ ಪಟ್ಟಿ, ಒಬ್ಬರ ಬೋಳುತಲೆಗೆ ಪಟ್ಟಿ, ಒಬ್ಬರ ಕುತ್ತಿಗೆಗೆ ಪಟ್ಟಿ. ಎಲ್ಲರೂ ಒಂದೇ ಜಗಳದಲ್ಲಿ ಏಟು ತಿಂದು ಬಂದು ಸಾಲಾಗಿ ಕೂತ ಹಾಗಿತ್ತು.

ಅಜ್ಜ ಕೂತವನೇ ಎದುರಿನ ಗೋಡೆ ನೋಡಿದ. “ತೇವ ಇದ್ದ ಗೋಡೆ ಮೇಲೆ ಹಾಗೇ ಬಣ್ಣ ಬಳಿದಿದ್ದಾನೆ ಪುಣ್ಯಾತ್ಮ. ನೋಡು, ಹೇಗೆ ಉಬ್ಬಿದೆ. ಮೇಲೆ ಚಂದ, ಒಳಗೆ ಕೊಳೀತಾ ಇರುತ್ತೆ...”

ನಾನು ತಿರುಗಿ ಅವನ ಮೂಗನ್ನೇ ನೋಡಿದೆ. ಪಿಟಕ್ ಅನ್ನಲಿಲ್ಲ. ಅಜ್ಜ ಕೆಮ್ಮಿ, ಗೋಡೆಯ ವಿಮರ್ಶೆ ಅಲ್ಲಿಗೇ ಮುಗಿಸಿದ.

ಪಕ್ಕದಲ್ಲಿ ಬಸ್ ಡ್ರೈವರ್ ಆಗಿದ್ದ ಹಿರಿಯರೊಬ್ಬರು ಕೂತಿದ್ದರು. ಅವರ ಬಲಗೈಯ ಚರ್ಮ ಹಳೇ ಚೀಲದ ಹಾಗೆ ಸುಕ್ಕಾಗಿತ್ತು, ಎಡಗೈ ಮಾತ್ರ ಬೇರೆ ಯಾರದೋ ಕಿರಿಯರದ್ದನ್ನು ತಂದು ಜೋಡಿಸಿದ ಹಾಗಿತ್ತು. “ಕಿಟಕಿ ಕಡೆ ಕೈ,” ಅಂತ ಅವರೇ ಎತ್ತಿ ತೋರಿಸಿದರು. “ಸರ್ವಿಸ್ ಪೂರ್ತಿ ಬಿಸಿಲು ಕುಡಿದಿದೆ ಇದು. ಇಲ್ಲೊಂದು ತೆಗೆದ್ರು, ಇಲ್ಲೊಂದು ತೆಗೀಬೇಕು. ನಿಮಗೆಲ್ಲಿ?”

“ನನಗೇನಿಲ್ಲಪ್ಪ,” ಅಂದ ಅಜ್ಜ ತಣ್ಣಗೆ. “ಮೊಮ್ಮಗನಿಗೆ ತೋರಿಸೋಣ ಅಂತ ಬಂದೆ.”

ಇಡೀ ಬೆಂಚು ನನ್ನ ಕಡೆ ತಿರುಗಿತು.

“ಅಯ್ಯೋ, ಇಷ್ಟು ಚಿಕ್ಕ ವಯಸ್ಸಿಗೆ!” ಅಂದರು ತಲೆಗೆ ಪಟ್ಟಿ ಕಟ್ಟಿಕೊಂಡಿದ್ದ ಅಜ್ಜಿ. ಅವರು ನರ್ಸರಿಯಲ್ಲಿ ಗಿಡ ಬೆಳೆಸುವವರು, ಉಗುರಿನಲ್ಲಿ ಇನ್ನೂ ಮಣ್ಣಿತ್ತು. “ಮದುವೆ ಆಗಿದ್ಯಾ ಮಗಾ?”

ನಾನು ಹಲ್ಲು ಕಚ್ಚಿಕೊಂಡೆ. ಅಜ್ಜ ನನ್ನ ಪರವಾಗಿ, “ಇನ್ನೂ ಇಲ್ಲ, ಇನ್ನು ಯಾರು ಕೊಡ್ತಾರೆ,” ಅಂತ ನಿಟ್ಟುಸಿರು ಬಿಟ್ಟ.

“ಹೆದರ್ಬೇಡ,” ಅಂದರು ಅಜ್ಜಿ. “ನಂದು ಕಡಲೆಕಾಳಿನಷ್ಟಿದ್ದಾಗಲೇ ಬಂದೆ. ಮರಗಟ್ಟಿಸಿ ಕುಯ್ದು ತೆಗೆದ್ರು. ಮಾರನೇ ದಿನ ಗಿಡಕ್ಕೆ ನೀರು ಹಾಕಿದೀನಿ. ನಮ್ಮ ವಯಸ್ಸಿನೋರಲ್ಲಿ ಮನೆಗೊಬ್ಬರಿಗೆ ಇರತ್ತೆ ಅಂತ ಕಾಣತ್ತೆ, ಯಾರೂ ಹೇಳಲ್ಲ ಅಷ್ಟೇ. ಕ್ಯಾನ್ಸರ್ ಅಂದ್ರೆ ಸಾಕು, ಪಕ್ಕದ್ಮನೆಯೋಳು ತಟ್ಟೆ ಬೇರೆ ಇಡ್ತಾಳೆ.”

ಆ ಪದ ಕೇಳಿ ಅಜ್ಜ ಸ್ವಲ್ಪ ನೆಟ್ಟಗೆ ಕೂತ.

ಬೆಂಚಿನ ಆ ತುದಿಯಲ್ಲಿ ಅಂಚೆ ಹಂಚುತ್ತಿದ್ದ ಹಿರಿಯರೊಬ್ಬರು ಕೂತಿದ್ದರು. ಅವರ ಕನ್ನಡಕ ಒಂದು ಕಡೆಗೆ ಜಾರಿ, ಮುಖದ ಮೇಲೆ ಓರೆಯಾಗಿ ಕೂತಿತ್ತು. “ನಾನು ಬೇಗ ಬರಲಿಲ್ಲ,” ಅಂದರು. “ಸೈಕಲ್ ತುಳಿಯೋ ಕೆಲಸ, ಬಿಸಿಲಿಗೆ ಕಿವಿ ಸಿಪ್ಪೆ ಏಳತ್ತೆ, ಈ ವಯಸ್ಸಿಗೆ ಇದ್ದದ್ದೇ ಅಂತ ಬಿಟ್ಟೆ. ಕೊಬ್ಬರಿ ಎಣ್ಣೆ ಹಚ್ಚಿದೆ. ಕಿವಿ ಮುಚ್ಚೋ ಹಾಗೆ ಕೂದಲು ಬಿಟ್ಟೆ.” ಕೂದಲು ಸರಿಸಿ ತೋರಿಸಿದರು. ಕಿವಿಯ ಮೇಲಿನ ಅರ್ಧ ಇರಲಿಲ್ಲ. “ಜೀವಕ್ಕೆ ಏನಾಗಿಲ್ಲ. ಆದ್ರೆ ಕನ್ನಡಕ ನಿಲ್ಲಲ್ಲ. ಪೇಪರ್ ಓದ್ಬೇಕು ಅಂದ್ರೆ ಒಂದು ಕೈಯಲ್ಲಿ ಇದನ್ನ ಹಿಡ್ಕೋಬೇಕು.”

ಯಾರೂ ನಗಲಿಲ್ಲ. ಆಮೇಲೆ ಅಂಚೆಯವರೇ ನಕ್ಕರು, ಎಲ್ಲರೂ ನಕ್ಕರು. ಅಜ್ಜ ನಗಲಿಲ್ಲ.

“ಮೂಗಿಗೂ ಬರತ್ತಾ?” ಅಂತ ಕೇಳಿದ, ಸುಮ್ಮನೆ ಮಾತಿಗೆ ಕೇಳಿದ ಹಾಗೆ.

“ಮೂಗಿಗೇ ಜಾಸ್ತಿಯಂತೆ,” ಅಂದರು ಡ್ರೈವರ್. “ಮುಂದೆ ಚಾಚ್ಕೊಂಡಿರೋದು ಅದೇ ತಾನೇ, ಬಿಸಿಲಿಗೆ ಮೊದಲು ಸಿಗತ್ತೆ.”

ಅಜ್ಜನ ಕೈ ಮೂಗಿನ ಕಡೆ ಹೊರಟಿತು. ಬಣ್ಣ ಕೆಡುತ್ತದೆ ಅಂತ ನೆನಪಾಗಿ ಅರ್ಧದಲ್ಲೇ ನಿಂತು, ಗಾಳಿಯಲ್ಲಿ ಸ್ವಲ್ಪ ಹೊತ್ತು ಅಲೆದು, ವಾಪಸು ತೊಡೆಯ ಮೇಲೆ ಬಂದು ಕೂತಿತು. ನಾನು ನೋಡುತ್ತಿದ್ದೆ. ಈಗಲಾದರೂ ತಾನೇ ಬಾಯಿಬಿಡುತ್ತಾನೆ ಅಂದುಕೊಂಡೆ. ಬಿಡಲಿಲ್ಲ. ಒಳಗಿಂದ ಕರೆದರು.

ಡಾಕ್ಟರಮ್ಮನಿಗೆ ನನಗಿಂತ ಹೆಚ್ಚೇನೂ ವಯಸ್ಸಿರಲಿಲ್ಲ. “ಯಾರಿಗೆ?” ಅಂದರು. ಅಜ್ಜ ನನ್ನನ್ನು ತೋರಿಸಿದ. ನಾನು ಅವನನ್ನು ತೋರಿಸಿದೆ.

“ಮೊದಲು ಹಿರಿಯರು. ಏನು ಕೆಲಸ ಮಾಡ್ತೀರಿ?”

“ಪೇಂಟಿಂಗು.”

“ಒಳಗೋ ಹೊರಗೋ?”

“ಹೊರಗೋಡೆ. ಒಳಗಿನದನ್ನ ಯಾರು ಬೇಕಾದ್ರೂ ಮಾಡ್ತಾರೆ.”

“ಟೋಪಿ ಹಾಕ್ತೀರಾ?”

“ಟೋಪಿ ಹಾಕಿದ್ರೆ ಸೂರಿನ ಅಂಚು ಕಾಣಲ್ಲಮ್ಮ.”

ಡಾಕ್ಟರು ದೀಪ ಇದ್ದ ಸಣ್ಣ ಭೂತಗನ್ನಡಿ ಹಿಡಿದು ಹಣೆಯಿಂದ ಶುರು ಮಾಡಿದರು. ತಲೆ, ಕಿವಿಯ ಹಿಂದೆ, ಕುತ್ತಿಗೆ, ಕೈ. ಕನ್ನಡಿ ಮೂಗಿನ ಮೇಲೆ ಬಂತು. ಕನ್ನಡಿ ಮೂಗು ದಾಟಿ ಬಲಗೆನ್ನೆಗೆ ಹೋಯಿತು. ಅಜ್ಜ ನನ್ನ ಕಡೆ ನೋಡಿ ಒಂದು ಕಣ್ಣು ಹೊಡೆದ. ಯಾರೂ ಅಷ್ಟು ಸಪ್ಪೆಯಾಗಿ ಕಣ್ಣು ಹೊಡೆದದ್ದನ್ನು ನಾನು ನೋಡಿಲ್ಲ. ಗೆದ್ದವನ ಮುಖವೇ ಅಲ್ಲ ಅದು. ನಾನು ನಾಲಿಗೆ ಕಚ್ಚಿಕೊಂಡೆ. ಇನ್ನೇನು ಎಲ್ಲವನ್ನೂ ಒದರಿಬಿಡುತ್ತಿದ್ದೆ.

ಕನ್ನಡಿ ವಾಪಸು ಬಂತು.

“ಇಲ್ಲೇನು ಹಚ್ಚಿದ್ದೀರಿ?”

ಅಜ್ಜ ಎಡಗೈ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಚಿಕೊಂಡ.

“ಕ್ರೀಮಾ?”

ಅಜ್ಜ ಗೋಡೆಯ ಗಡಿಯಾರ ನೋಡಿದ.

“ಯಾರು ಹಚ್ಚಿದ್ರೋ, ಅಷ್ಟೇನೂ ನೀಟಾಗಿಲ್ಲ,” ಅಂದರು ಡಾಕ್ಟರು, ಕನ್ನಡಿಯಿಂದ ಕಣ್ಣು ತೆಗೆಯದೆ. “ಬ್ರಷ್ಷಿನ ಗೆರೆ ಕಾಣ್ತಿದೆ.”

ಅಜ್ಜ ಕುರ್ಚಿಯಿಂದ ಎದ್ದೇಬಿಟ್ಟ.

“ಗೆರೆಯಾ? ನನ್ನ ಕೆಲಸದಲ್ಲಿ ಗೆರೆಯಾ? ಎಲ್ಲಿ ತೋರಿಸಿ! ಬ್ರಷ್ಷೇ ಮುಟ್ಟಿಸಿಲ್ಲಮ್ಮ ನಾನು! ಸ್ಪಂಜು ಹರಿದು, ಅದರ ಚೂರಲ್ಲಿ ಒತ್ತಿ ಒತ್ತಿ ಕೂರಿಸಿದೀನಿ, ಗೆರೆ ಎಲ್ಲಿಂದ ಬರುತ್ತೆ? ಇಷ್ಟು ವರ್ಷದಲ್ಲಿ ಒಬ್ಬನೇ ಒಬ್ಬ ಮನೆಯವನು ನನಗೆ ಗೆರೆ ಅಂತ...”

ಅಲ್ಲಿಗೆ ತಾನು ಒಪ್ಪಿಕೊಂಡದ್ದು ಅವನಿಗೇ ಕೇಳಿಸಿತು.

“ಓಹೋ,” ಅಂದರು ಡಾಕ್ಟರು. “ಹಾಗಾದ್ರೆ ಏನನ್ನ ಮುಚ್ಚಿದ್ರಿ?”

ಅಜ್ಜ ನನ್ನ ಕಡೆ ತಿರುಗಿದ. ನಾನು ಎರಡೂ ಕೈ ಎತ್ತಿ ತೋರಿಸಿದೆ: ಪಿಟಕ್ ಅಂದಿಲ್ಲ. ಅವನು ಮೆಲ್ಲಗೆ ಕೂತ. ಹತ್ತಿಗೆ ಸ್ಪಿರಿಟ್ ಹಾಕಿಸಿಕೊಂಡು, ಡಾಕ್ಟರ ಕೈಗೂ ಕೊಡದೆ, ತಾನೇ ಒರೆಸಿಕೊಂಡ. ಮೊದಲ ಸಲ ಅವನು ತನ್ನ ಮುಖ ತಾನೇ ಒರೆಸಿಕೊಂಡಿದ್ದನ್ನು ನೋಡಿದೆ. ಬಣ್ಣ ಹೋಯಿತು. ಚುಕ್ಕೆ ಅಲ್ಲೇ ಇತ್ತು.

ಡಾಕ್ಟರು ಬಹಳ ಹೊತ್ತು ನೋಡಿದರು. ಚರ್ಮದ ಕ್ಯಾನ್ಸರಿನ ಹಾಗೆ ಕಾಣುತ್ತದೆ, ಚೂರು ತೆಗೆದು ಪರೀಕ್ಷೆಗೆ ಕಳಿಸಿ ಖಚಿತ ಮಾಡಿಕೊಳ್ಳಬೇಕು, ಇದು ನಿಧಾನಕ್ಕೆ ಬೆಳೆಯುವ ಜಾತಿ ಇರಬಹುದು, ಈಗಲೇ ಕುಯ್ದು ತೆಗೆದರೆ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ, ಬಿಟ್ಟರೆ ಮೂಗನ್ನೇ ತಿನ್ನುತ್ತಾ ಹೋಗುತ್ತದೆ ಅಂತ ಬಿಡಿಸಿ ಹೇಳಿದರು. “ವಯಸ್ಸಾದೋರಲ್ಲಿ, ಅದರಲ್ಲೂ ಬಿಸಿಲಲ್ಲಿ ದುಡಿದೋರಲ್ಲಿ ಇದು ಬಹಳ. ಹೊರಗೆ ಕೂತಿರೋರನ್ನ ನೋಡಿದ್ರಲ್ಲ.”

“ಅಂದ್ರೆ ಇದ್ದದ್ದೇ,” ಅಂದ ಅಜ್ಜ, ಸಣ್ಣ ದನಿಯಲ್ಲಿ.

“ಇದ್ದದ್ದೇ. ಅದಕ್ಕೇ ನೋಡ್ಕೋಬೇಕಾದ್ದು. ಅಪರೂಪದ್ದಾಗಿದ್ರೆ ನಾನೇ ಚಿಂತೆ ಬಿಡಿ ಅಂತಿದ್ದೆ.”

ಈಗ ನನ್ನ ಬಾಯಿ ಅಡವಿನಿಂದ ಬಿಡುಗಡೆಯಾಗಿತ್ತು. “ತುಕ್ಕಿನ ಮೇಲೆ ಬಣ್ಣ ಹಚ್ಚಿದ್ದಕ್ಕೆ ಹಿಂದಿನ ಮನೆ ಗೇಟಿನ ಮುಂದೆ ಎಲ್ಲರೆದುರಿಗೆ ನನಗೆ ಉಗಿದೆಯಲ್ಲ ಅಜ್ಜ! ಕೆರೆದು ತೆಗೆದು ಆಮೇಲೆ ಹಚ್ಚು ಅಂದೆಯಲ್ಲ!”

“ಅದು ಗೇಟು.”

“ಇದು ಮೂಗು!”

“ಇಬ್ಬರೂ ಹೊರಗೆ ಜಗಳ ಆಡಿ,” ಅಂದರು ಡಾಕ್ಟರು. ಅಜ್ಜ ಕದಲಲಿಲ್ಲ. ಅವನ ನಿಜವಾದ ಪ್ರಶ್ನೆ ಇನ್ನೂ ಬಾಕಿಯಿತ್ತು.

“ಅಮ್ಮಾ, ಏಣಿ?”

“ಹೊಲಿಗೆ ಬಿಚ್ಚೋವರೆಗೂ ಬೇಡ. ಆಮೇಲೆ ಏಣಿಗೂ ನನಗೂ ಸಂಬಂಧ ಇಲ್ಲ. ಟೋಪಿ ಇಲ್ದೆ ಹತ್ತಿದ್ರೆ ಸಂಬಂಧ ಇದೆ.”

ಬರಿಮೂಗಿನಲ್ಲಿ ಹೊರಗೆ ಬಂದಾಗ ಬೆಂಚಿನವರು ಒಂದೇ ನೋಟಕ್ಕೆ ಹಿಡಿದರು. ಡ್ರೈವರ್ ಜರುಗಿ ಜಾಗ ಮಾಡಿಕೊಟ್ಟರು. ಗಿಡದ ಅಜ್ಜಿ, “ಮೊಮ್ಮಗನಿಗೆ ಅಂದ್ರಿ?” ಅಂತ ಕೆಣಕಿದರು.

“ಅವನಿಗೂ ಇದೆ,” ಅಂದ ಅಜ್ಜ. “ಸಿಟ್ಟು. ಅದಕ್ಕೆ ಔಷಧಿ ಇಲ್ವಂತೆ.”

ಪರೀಕ್ಷೆಯಲ್ಲಿ ಡಾಕ್ಟರು ಹೇಳಿದ್ದೇ ಬಂತು. ಕುಯ್ದು ತೆಗೆದರು, ಪೂರ್ತಿ ಹೋಗಿದೆ ಅಂದರು, ಆಗಾಗ ಬಂದು ತೋರಿಸಬೇಕು ಅಂದರು. ಅಮ್ಮ ಅಜ್ಜನಿಗೆ ಒಂದು ವಾರ ಬೈದಳು. ಬಣ್ಣ ಹಚ್ಚಿದ್ದಕ್ಕೆ ಅರ್ಧ ವಾರ, ತನ್ನ ಕಣ್ಣಿಗೇ ಮಣ್ಣೆರಚಿದ್ದಕ್ಕೆ ಇನ್ನರ್ಧ. ನಡುವೆ ಪಟ್ಟಿ ಬಿಚ್ಚಿದಾಗ ಕನ್ನಡಕ ಇಳಿಸಿ ಹೊಲಿಗೆ ನೋಡಿ, “ಎಳೆ ಒಂದ್ಚೂರು ಬಿಗಿಯಾಯ್ತು, ಆದ್ರೂ ಕೈ ಚೆನ್ನಾಗಿದೆ,” ಅಂದಳು. ಸಣ್ಣ ಏಣಿಯ ಬಗ್ಗೆ ಏನೂ ಹೇಳಲಿಲ್ಲ. ಕೇಳಲು ನಮ್ಮಿಬ್ಬರಿಗೂ ಧೈರ್ಯವಿರಲಿಲ್ಲ.

ಹೊಲಿಗೆ ಬಿಚ್ಚಿದ ಮಾರನೇ ದಿನ ಅಮ್ಮ ಒಂದು ಟೋಪಿ ತಂದು ಅಜ್ಜನ ಮುಂದಿಟ್ಟಳು. ತಾನೇ ಹೊಲಿದಿದ್ದು. ಸುತ್ತ ಅಗಲ ಅಂಚು, ಹಿಂದೆ ಕುತ್ತಿಗೆಯವರೆಗೆ ಇಳಿಬಿಟ್ಟ ಬಟ್ಟೆ. ಮುಂದಿನ ಅಂಚಿಗೆ ಒಂದು ಗುಂಡಿ. ಮಡಿಚಿ ಸಿಕ್ಕಿಸಿದರೆ ಸೂರಿನ ಅಂಚು ಕಾಣುತ್ತದೆ.

“ಅಣಬೆ ಥರ ಕಾಣ್ತೀನಿ,” ಅಂದ ಅಜ್ಜ.

“ಅಣಬೆ ಏಣಿ ಹತ್ತಬಹುದು. ಅಪ್ಪ ಹತ್ತೋ ಹಾಗಿಲ್ಲ,” ಅಂದಳು ಅಮ್ಮ.

ಅಣಬೆ ಏಣಿ ಹತ್ತಿತು. ಶಾಲೆಯ ಗೋಡೆ ಇನ್ನೂ ಮುಗಿದಿರಲಿಲ್ಲ. ಬಿಸಿಲು ಪಶ್ಚಿಮದ ಗೋಡೆಗೆ ಬರುವ ಹೊತ್ತಿಗೆ ನಾವು ಪೂರ್ವಕ್ಕೆ ಹೋಗುವ ಹಾಗೆ ಕೆಲಸ ಹಂಚಿಕೊಂಡೆವು. ಶಾಲೆಯವರು ಯಾಕೆ ಅಂತ ಕೇಳಿದರು. ನಾನು ಹೇಳಿದೆ. ಹೇಗೆ ಹೇಳಿದೆ ಅಂದರೆ, ಅವರು ಮತ್ತೆ ಕೇಳಲಿಲ್ಲ.

ಸಂಜೆ ಬ್ರಷ್ಷು ತೊಳೆದು ಅಜ್ಜನ ಮುಖ ಒರೆಸಿದೆ. ಎಲ್ಲ ಹೋಯಿತು. ಮೂಗಿನ ಮೇಲೆ ಒಂದು ತೆಳು ಗೆರೆ ಉಳಿದಿತ್ತು, ಅದು ಡಾಕ್ಟರ ಕೆಲಸ. ಆಮೇಲೆ ಅಜ್ಜ ನನ್ನ ಗದ್ದ ಹಿಡಿದ. ಮೊದಲೆಲ್ಲ ಎರಡು ಸಲ ಉಜ್ಜಿ ನಡಿ ಅನ್ನುತ್ತಿದ್ದವನು ಈಗ ಟೋಪಿಯ ಅಂಚು ಮೇಲೆತ್ತಿ, ಕಣ್ಣು ಕಿರಿದು ಮಾಡಿ, ನನ್ನ ಮುಖವನ್ನು ಗೋಡೆ ತಪಾಸಣೆ ಮಾಡಿದ ಹಾಗೆ ಮೂಲೆ ಮೂಲೆ ನೋಡಿದ. ಕಿವಿಯ ಕೆಳಗೆ ಬಂದು ನಿಂತ. ಉಜ್ಜಿದ. ಮತ್ತೆ ಉಜ್ಜಿದ.

“ಇದು ಹೋಗ್ತಾ ಇಲ್ಲ.”

“ಅದು ಹುಟ್ಟುಮಚ್ಚೆ ಅಜ್ಜ.”

“ಯಾರು ಹೇಳಿದ್ರು?”

“ನೀನೇ. ಕೂಸಾಗಿದ್ದಾಗಿಂದ ಇದೆ ಅಂತ.”

“ಆಗ ನನಗೆ ಏನ್ ಗೊತ್ತಿತ್ತು?” ಬಟ್ಟೆ ಮಡಿಚಿ ಜೇಬಿಗಿಟ್ಟ. “ನಾಳೆ ಚರ್ಮದ ಡಾಕ್ಟರ್ ಬರೋ ದಿನ. ಬೆಳಗ್ಗೆ ಎದ್ದು ಹೋಗೋಣ. ನೆಪ ಹೇಳ್ಬೇಡ.”

“ಬಿಡು ಅಜ್ಜ, ಇದೆಲ್ಲ ಇದ್ದದ್ದೇ!”

ನನ್ನ ಬಾಯಿಂದಲೇ ಬಂತು. ಅಜ್ಜ ನಗಲು ಶುರು ಮಾಡಿದವನು, ಟೋಪಿ ಬಿದ್ದು ಬಿಳಿ ಬಣ್ಣದ ಡಬ್ಬಿಯೊಳಗೆ ಮುಳುಗಿದರೂ ನಿಲ್ಲಿಸಲಿಲ್ಲ.